ಚೀಟಿಂಗ್ ಎಂಬ ಪದದ ಹುಟ್ಟೂರು

ಮೋಸ, ದಗಾ, ವಂಚನೆ ಎಂದು ಬೇಕಾದಷ್ಟು ಪದಗಳಿದ್ದರೂ ನಮ್ಮ ಬಳ್ಳಾರಿ ಜನಕ್ಕೆ ‘ಚೀಟಿಂಗ್’ ಎಂದರೇ ಸಮಾಧಾನ. ಪರೀಕ್ಷೆಯಲ್ಲಿ ಕಾಪಿ ಹೊಡೆದರೂ ಚೀಟಿಂಗ್, ಹಾಲಿಗೆ ನೀರು ಬೆರೆಸಿದರೂ ಚೀಟಿಂಗ್, ಮದುವೆಯಾಗುತ್ತೇನೆಂದು ಕೈಕೊಟ್ಟರೂ ಚೀಟಿಂಗ್. ಇಂಗ್ಲಿಷಿನಲ್ಲಿ ಹೇಳಿದರೆ ಪಾಪ ಸ್ವಲ್ಪ ಹಗುರವಾಗುತ್ತದೇನೋ. ನಾನು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಪದ ಕಂಡರೆ ಅದರ ಹುಟ್ಟೂರು ಹುಡುಕುವ ಚಟ ನನಗೆ. ಊಟದ ನಡುವೆ ಶುರು ಮಾಡಿದರೆ ಹೆಂಡತಿ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಾಳೆ.

ಕುರುಗೋಡಿನಲ್ಲಿ ನನ್ನ ಚಿಗವ್ವ ಇದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಹಚ್ಚೊಳ್ಳಿಯಿಂದ ಶಾಂತಿ ಎಂಬ ತಬ್ಬಲಿ ಹುಡುಗಿಯನ್ನು ತಂದು ಸಾಕಿದ್ದಳು. ಕಾಗದಪತ್ರ ಏನೂ ಮಾಡಿಸಿರಲಿಲ್ಲ. ಚಿಗವ್ವ ಹಾಸಿಗೆ ಹಿಡಿದಾಗ ಮೈ ತೊಳೆದವಳು, ಬಾಯಿಗೆ ತುತ್ತಿಟ್ಟವಳು ಆ ಶಾಂತಿಯೇ. ನಾನು ತಿಂಗಳಿಗೊಮ್ಮೆ ಹೋಗಿ ಬಾಳೆಹಣ್ಣು ಕೊಟ್ಟು ಬರುತ್ತಿದ್ದೆ. ಹಾಗೆ ಹೋದಾಗಲೊಮ್ಮೆ ಚಿಗವ್ವ ಮನೆಯ ಪತ್ರಗಳ ಚೀಲವನ್ನು ನನ್ನ ಕೈಗಿಟ್ಟಳು. “ಮನಿ ಶಾಂತಿ ಹೆಸರಿಗೆ ಮಾಡ್ಸಪ್ಪ. ನೀ ಓದಿದಾವ,” ಎಂದಳು. ಆ ಚೀಲ ನಮ್ಮ ಬೀರುವಿನಲ್ಲಿ ಹನ್ನೊಂದು ತಿಂಗಳು ಕುಳಿತಿತ್ತು. ಕೇಳಿದಾಗಲೆಲ್ಲ ಆಫೀಸಿನಲ್ಲಿ ಸರ್ವರ್ ಡೌನ್ ಎನ್ನುತ್ತಿದ್ದೆ. ಅದನ್ನೇ ನಂಬಿಕೊಂಡು ಅವಳು ತೀರಿಕೊಂಡಳು.

ವಂಶವೃಕ್ಷ ಬರೆದುಕೊಳ್ಳಲು ಗ್ರಾಮಲೆಕ್ಕಿಗರು ಬಂದರು. ನಿಮ್ಮನ್ನು ಬಿಟ್ಟು ಆಕೆಗೆ ಇನ್ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಶಾಂತಿ ಚಹಾ ಹಿಡಿದು ನಿಂತಿದ್ದಳು.

“ಯಾರೂ ಇಲ್ರಿ,” ಎಂದೆ.

ಅವಳು ಒಂದು ಹನಿಯೂ ಚೆಲ್ಲದಂತೆ ಇಬ್ಬರಿಗೂ ಚಹಾ ಕೊಟ್ಟಳು. ಲೆಕ್ಕಿಗರು ಹೋದ ಮೇಲೆ ಕೇಳಿದಳು: “ಅಣ್ಣಾ, ಹಂಗಾರ ನಾ ಆಕಿಗೆ ಏನಾಗಬೇಕು?”

ಮರುದಿನ ಅವಳು ಕೀಲಿಕೈಯನ್ನು ನನ್ನ ಚಪ್ಪಲಿಯ ಪಕ್ಕದಲ್ಲಿಟ್ಟು ಹಚ್ಚೊಳ್ಳಿಗೆ ಹೊರಟುಹೋದಳು.

ಆ ವಾರವೇ ನಿಘಂಟು ತೆಗೆದೆ. ಹಿಂದೆ ಇಂಗ್ಲೆಂಡಿನಲ್ಲಿ ವಾರಸುದಾರರಿಲ್ಲದೆ ಸತ್ತವರ ಆಸ್ತಿ ದೊರೆಗೆ ಸೇರುತ್ತಿತ್ತಂತೆ. ಅದಕ್ಕೆ ‘ಎಸ್ಚೀಟ್’ ಎಂದು ಹೆಸರು. ವಶಪಡಿಸಿಕೊಳ್ಳಲು ಹೋದ ಅಧಿಕಾರಿಗಳು ವಾರಸುದಾರರಿದ್ದರೂ ಇಲ್ಲವೆಂದು ಬರೆದು ನುಂಗತೊಡಗಿದರು. ಜನ ರೋಸಿಹೋಗಿ ಆ ಪದದ ತಲೆ ಕತ್ತರಿಸಿ ಮೋಸಕ್ಕೇ ಇಟ್ಟುಬಿಟ್ಟರು: ಚೀಟ್. ಇದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ.

ಶಾಂತಿಯನ್ನು ಕರೆತರಬೇಕೆಂದು ಒಂದು ಭಾನುವಾರ ಸಿರುಗುಪ್ಪದವರೆಗೆ ಹೋದದ್ದುಂಟು. ಹಚ್ಚೊಳ್ಳಿ ಬಸ್ಸು ತಡವೆಂದರು. ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಬಳ್ಳಾರಿ ಬಸ್ಸು ಹತ್ತಿದೆ.

ಈಗ ಆ ಮನೆಗೆ ‘ಟು ಲೆಟ್’ ಬೋರ್ಡು ಹಾಕಿಸಿದ್ದೇನೆ. ಪೇಂಟರ್ ಒಂದು ಅಕ್ಷರ ತಪ್ಪು ಬರೆದಿದ್ದ. ಬಿಸಿಲಲ್ಲಿ ನಿಂತು ತಿದ್ದಿಸಿದೆ. ತಪ್ಪು ಕಂಡರೆ ಸುಮ್ಮನಿರುವ ಮನುಷ್ಯ ನಾನಲ್ಲ.