ನಾಲ್ಕು ರಬ್ಬರಿನ ಕುರ್ಚಿ

ಪೀಣ್ಯದ ನಮ್ಮ ಶೆಡ್ಡು ಮಾಲೀಕರ ಸಂಘಕ್ಕೆ ಓಡುವ ಕಾರಿನ ನಾಲ್ಕೂ ಸಸ್ಪೆನ್ಷನ್ ಮೌಂಟುಗಳನ್ನು ಕಳೆದ ಆಷಾಢದಲ್ಲಿ ಮೇಲ್ದರ್ಜೆಗೆ ಏರಿಸಲಾಯಿತು. ಮೌಂಟು ಅಂದರೆ ಶಾಕ್ ಅಬ್ಸಾರ್ಬರಿನ ತಲೆ ಮೇಲೆ ಕೂರುವ ರಬ್ಬರು. ಗುಂಡಿಯ ಏಟನ್ನು ಅದು ತಿನ್ನುತ್ತದೆ. ಕೂತವರು ತಿನ್ನುವುದಿಲ್ಲ.

ಕಾರು ನನ್ನದು. ಸಂಘಕ್ಕೆ ಬಾಡಿಗೆಗೆ ಬಿಟ್ಟಿದ್ದೇನೆ. ಓಡಿಸುವವನೂ ನಾನೇ, ಭೀಮಪ್ಪ.

ಮೆತ್ತನೆ ರಬ್ಬರು ಹಾಕಿಸಿದ್ದು ನನ್ನ ಹೆಂಡತಿಗಾಗಿ. ವಾರಕ್ಕೆರಡು ಸಲ ಅವಳನ್ನು ಎಡಕ್ಕೆ ಕೂರಿಸಿಕೊಂಡು ರಾಜಗೋಪಾಲನಗರದಿಂದ ಆಸ್ಪತ್ರೆಗೆ. "ಹೊಟ್ಟ್ಯಾಗಿನ ನೀರು ಅಲುಗಲಿಲ್ಲ ನೋಡ್ರಿ" ಅನ್ನುತ್ತಿದ್ದಳು ಮಹಾದೇವಿ. ಯುಗಾದಿಗೆ ಮೊದಲು ತೀರಿಕೊಂಡಳು.

ಕಾರ್ಯದರ್ಶಿ ವೆಂಕಟಪ್ಪನವರು ಕರೆದರು. "ನಿನ್ನ ಗಾಡಿ ತಿರುವಲ್ಲಿ ಓಲಾಡ್ತದೆ ಕಣಯ್ಯ. ಗಟ್ಟಿ ಮೌಂಟು ಹಾಕ್ಸು. ಅಧ್ಯಕ್ಷರ ಬಾಮೈದನ ಶೆಡ್ಡಲ್ಲೇ ಮಾಡ್ತಾರೆ."

"ಗಟ್ಟಿ ಹಾಕಿದ್ರ ಓಲಾಡೂದಿಲ್ಲ ಖರೆ ಸಾರ್. ಆದ್ರ ಸಣ್ಣ ಕಲ್ಲೂ ಬೆನ್ನಿಗೆ ತಿಳೀತೈತಿ."

"ತಿಳೀಲಿ. ರಸ್ತೆ ಬಗ್ಗೆ ಸಂಘಕ್ಕೆ ಮಾಹಿತಿ ಬೇಡ್ವಾ?"

ಹಾಕಿದರು. ಗಾಡಿ ಓಲಾಡಲಿಲ್ಲ. ಓಲಾಡುವಷ್ಟು ವೇಗ ಪೀಣ್ಯದಲ್ಲಿ ಯಾರಿಗೂ ಸಿಗುವುದಿಲ್ಲ, ಅದು ಬೇರೆ. ಮೊದಲ ದಿನವೇ ಖಜಾಂಚಿ ಕೃಷ್ಣಪ್ಪನವರ ಕಟ್ಟಿಸಿದ ಹಲ್ಲು ಜಾರಿ ಮಡಿಲಿಗೆ ಬಿತ್ತು. ಅವರು ಗಾಡಿಯನ್ನು ದೂರಲಿಲ್ಲ. ಹಲ್ಲಿನ ಡಾಕ್ಟರನ್ನು ಬೈದರು.

ಹಳೇ ರಬ್ಬರು ನನಗೆ ಕೊಡಿ ಎಂದೆ.

"ನಿಯಮ ಒಂಬತ್ತು. ಬಿಚ್ಚಿದ ಭಾಗಗಳನ್ನು ಚೀಟಿ ಕಟ್ಟಿ ಕಚೇರಿಗೆ ಒಪ್ಪಿಸತಕ್ಕದ್ದು" ಎಂದರು ವೆಂಕಟಪ್ಪನವರು.

"ಗಾಡಿ ನಂದ ಐತಲ್ರಿ ಸಾರ್."

"ಗಾಡಿ ನಿಂದೇ. ಬಿಚ್ಚಿದ ಮೇಲೆ ಅದು ಗಾಡಿ ಅಲ್ಲ."

ಕಚೇರಿಯಲ್ಲಿ ಇಡಲು ಜಾಗವಿರಲಿಲ್ಲ. ಕಸ ಗುಡಿಸುವ ಚಿಕ್ಕಮುನಿಯಮ್ಮ ಅಧ್ಯಕ್ಷರ ಅಗಲ ಕುರ್ಚಿಯ ನಾಲ್ಕು ಕಾಲಿಗೂ ಒಂದೊಂದು ರಬ್ಬರು ತೊಡಿಸಿದಳು. ತೂತಿಗೆ ಕಾಲು ಸರಿಯಾಗಿ ಕೂತಿತು. "ಇಂಗಿದ್ರೆ ನೆಲ ಒರೆಸಕ್ಕೆ ಸಲೀಸು ಕಣಣ್ಣ" ಎಂದಳು.

ಮುಂದಿನ ವಾರ ಅಧ್ಯಕ್ಷರು ಹೊಸ ಮೌಂಟಿನ ಸವಾರಿ ಸುಖದ ವರದಿ ಕೊಡಬೇಕಿತ್ತು. ಕಾರಿನಲ್ಲಿ ಕೂತು ಬರೆಯಲು ಹೋದರೆ ಕೈ ಕುಲುಕಿ ಅಕ್ಷರ ಮೂಡಲಿಲ್ಲ. ಆದಕಾರಣ ಕುರ್ಚಿಯಲ್ಲಿ ಕೂತು ಬರೆದರು. ಒಂದೆರಡು ಸಲ ಕುಪ್ಪಳಿಸಿಯೂ ನೋಡಿದರು. "ಹೊಟ್ಟೆಯ ನೀರು ಅಲುಗಲಿಲ್ಲ" ಎಂದು ಬರೆದು ಸಹಿ ಹಾಕಿದರು.

ಅದು ಮಹಾದೇವಿಯ ಮಾತು.

ಸದರಿ ವರದಿಯ ಆಧಾರದ ಮೇಲೆ ಎಲ್ಲ ಸದಸ್ಯರ ಗಾಡಿಗೂ ಗಟ್ಟಿ ಮೌಂಟು ಕಡ್ಡಾಯವಾಯಿತು. ಈಗ ಸದಸ್ಯರು ನಡು ಹಿಡಿದುಕೊಂಡು ಬರುತ್ತಾರೆ. ಕುರ್ಚಿಯಲ್ಲಿ ಹತ್ತು ನಿಮಿಷ ಕೂರುತ್ತಾರೆ. ನೋವು ಇಳಿಯುತ್ತದೆ. ಗಾಡಿ ಸುಖಕರ ಎಂದು ಸಹಿ ಹಾಕಿ ಹೋಗುತ್ತಾರೆ. ಜನ ಜಾಸ್ತಿಯಾಗಿ ಟೋಕನ್ ಮಾಡಿದ್ದಾರೆ.

ನಾನು ಅರ್ಜಿ ಬರೆಸಿಕೊಟ್ಟೆ. ರಬ್ಬರು ಹೆಂಡತಿಯದು, ವಾಪಸು ಬೇಕು ಎಂದು. ವೆಂಕಟಪ್ಪನವರು ಓದಿ ಕನ್ನಡಕ ತೆಗೆದರು.

"ಕೊಟ್ರೆ ವರದಿ ಸುಳ್ಳಾಗ್ತದೆ ಕಣಯ್ಯ. ನಿಂಗೂ ಒಂದು ಟೋಕನ್ ಕೊಡ್ತೀನಿ, ಬಾ."

ಎರಡನೇ ಶನಿವಾರ ನನ್ನ ಪಾಳಿ. ಹೋಗಿ ಕೂರುತ್ತೇನೆ. ಎಡಕ್ಕೆ ಜಾಗ ಬಿಟ್ಟು, ಒಂದು ಬದಿಗೆ ಸರಿದು ಕೂರುತ್ತೇನೆ. ಅದನ್ನು ಕಂಡ ವೆಂಕಟಪ್ಪನವರು ಈಗ ಎರಡು ಟೋಕನ್ ಹರಿಯುತ್ತಾರೆ. ಒಬ್ಬರಿಗೆ ಒಂದು ಎಂಬುದು ನಿಯಮ.

ಒಂದಕ್ಕೆ ನನ್ನ ಸಹಿ. ಇನ್ನೊಂದಕ್ಕೆ ಹೆಬ್ಬೆಟ್ಟು ಒತ್ತುತ್ತೇನೆ, ಅವಳು ಒತ್ತುತ್ತಿದ್ದ ಹಾಗೆ. ಎರಡೂ ಕಡತ ಸೇರುತ್ತವೆ.