ಸೀರೆ ಫಾಲ್ ಕಟ್ಟಿಕೊಂಡು ಆಡಿದ ಕೊನೆಯ ಪಂದ್ಯ

ಹೊಸನಗರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ಫುಟ್ಬಾಲಿಗೂ ನನಗೂ ಇರುವ ಸಂಬಂಧ ಮದುವೆಯಿಂದ ಬಂದದ್ದು. ನನ್ನ ಗಂಡ ಶಿವಣ್ಣ ವಾರವೆಲ್ಲ ಸೈಕಲ್ ರಿಪೇರಿ ಮಾಡುತ್ತಾರೆ, ಭಾನುವಾರ ಊರಿನ ಫುಟ್ಬಾಲ್ ಕ್ಲಬ್ಬಿನ ಕೋಚ್ ಆಗುತ್ತಾರೆ. ಹತ್ತೊಂಬತ್ತು ವರ್ಷಗಳಲ್ಲಿ ಆ ಕ್ಲಬ್ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೂ ಅದು ಸೋತ ಒಂದೊಂದು ಪಂದ್ಯವನ್ನೂ ನಾನು ಮೈದಾನದಂಚಿನಲ್ಲಿ ನಿಂತು ನೋಡಿದ್ದೇನೆ.

ನಮ್ಮದು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಆರು ತಂಡಗಳ ಸಣ್ಣ ಲೀಗ್. ಕೊನೆಯ ಸ್ಥಾನಕ್ಕೆ ಬಂದ ತಂಡ ಹೊರಗೆ ಹೋಗಬೇಕು, ಕಾಯುತ್ತಿರುವ ಹೊಸ ತಂಡ ಒಳಗೆ ಬರಬೇಕು. ಈ ಸಲ ಮೂರು ಪಂದ್ಯಗಳು ಉಳಿದಿರುವಾಗ ಕೊನೆಯ ಸ್ಥಾನದಲ್ಲಿ ನಾವಿದ್ದೆವು. ನಮಗಿಂತ ಐದು ಅಂಕ ಮುಂದೆ ಮೇಳಿಗೆಯವರು. ಹೊರಗೆ ಬಿದ್ದರೆ ಕ್ಲಬ್ ಮುಗಿದಂತೆಯೇ ಎಂದು ಎಲ್ಲರಿಗೂ ಗೊತ್ತಿತ್ತು. ಗೋಲು ಹೊಡೆಯುವ ನಮ್ಮ ಒಬ್ಬನೇ ಆಟಗಾರ, ಪೋಸ್ಟ್‌ಮನ್ ನಾಗರಾಜನಿಗೆ ನಲವತ್ತು ಹತ್ತಿರವಾಗಿತ್ತು. ಇದು ಹೋದರೆ ಇನ್ನೊಮ್ಮೆ ಬೂಟು ಕಟ್ಟುವುದಿಲ್ಲ ಎಂದು ಅವನು ಮೊದಲೇ ಹೇಳಿದ್ದ.

ನಾನು ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಮೂರರಲ್ಲಿ ನಾವು ಎರಡು ಗೆಲ್ಲಬೇಕು, ಮೇಳಿಗೆಯವರು ಮೂರನ್ನೂ ಸೋಲಬೇಕು. ಅಷ್ಟೇ. ಇಷ್ಟು ಸುಲಭದ ವಿಷಯಕ್ಕೆ ಇವರು ಯಾಕೆ ಊಟ ಬಿಟ್ಟು ಕೂತಿದ್ದಾರೆ ಎಂದು ನನಗೆ ಆಶ್ಚರ್ಯವಾಯಿತು.

ಮೊದಲ ಪಂದ್ಯದಲ್ಲಿ ತೀರ್ಥಹಳ್ಳಿಯವರನ್ನು ಗೆದ್ದೇಬಿಟ್ಟೆವು. ಎರಡನೆಯದನ್ನು ಸೋತೆವು. ಮೇಳಿಗೆಯವರು ಮಾತ್ರ ತಮ್ಮ ಪಾಲಿನ ಕೆಲಸವನ್ನು ಬಹಳ ನಿಷ್ಠೆಯಿಂದ ಮಾಡಿ ಮೂರನ್ನೂ ಸೋತು ಮುಗಿಸಿದರು. ಉಳಿದದ್ದು ಭಾನುವಾರ ನಮ್ಮೂರ ಮೈದಾನದಲ್ಲಿ ಸಾಗರದವರ ಜೊತೆಗಿನ ಪಂದ್ಯ. ಗೆದ್ದರೆ ಉಳಿದೆವು.

ಇಲ್ಲಿ ನನ್ನ ತಲೆಗೆ ಒಂದು ಯೋಚನೆ ಬಂತು. ನಮ್ಮ ಹುಡುಗರು ಸೋಲುತ್ತಿರುವುದು ಆಟದಿಂದಲ್ಲ, ಅಂಗಿಯಿಂದ! ಆ ಹಳದಿ ಜರ್ಸಿಗಳನ್ನು ಹಾಕಿಕೊಂಡರೆ ಆಟಗಾರರು ಕಾಮಾಲೆಯಿಂದ ಎದ್ದು ಬಂದವರ ಹಾಗೆ ಕಾಣುತ್ತಿದ್ದರು. ಬೆನ್ನಿನ ಮೇಲಿನ ಏಳನೇ ನಂಬರು ಸವೆದು ಒಂದಾಗಿತ್ತು. ಒಬ್ಬ ಹೊಲಿಗೆಯವಳ ಗಂಡನ ತಂಡ ಹೀಗಿರಬಹುದೇ ಎಂದು ನನಗೇ ನಾಚಿಕೆಯಾಯಿತು.

ಗಂಡನಿಗೆ ಹೇಳದೆ ಹೊಲಿಯಲು ಕುಳಿತೆ. ಬಿಳಿ ಹತ್ತಿ ಬಟ್ಟೆ, ಅದಕ್ಕೆ ಕಡುಗೆಂಪು ತೋಳು, ಬೆನ್ನ ಮೇಲೆ ಕಡುಗೆಂಪು ನಂಬರು. ಹೊಸ ಬಟ್ಟೆಯನ್ನು ನೆನೆಸಿ ಒಣಗಿಸಿದ ಮೇಲೆಯೇ ಕತ್ತರಿ ಹಾಕಬೇಕು, ಕೆಂಪಂತೂ ಬಣ್ಣ ಬಿಡುತ್ತದೆ ಎಂದು ಊರಿನ ಹೆಂಗಸರಿಗೆಲ್ಲ ಪಾಠ ಹೇಳುವವಳು ನಾನು. ಆದರೆ ಇದ್ದದ್ದು ಆರು ದಿನ, ಹೊರಗೆ ಬಿಡದ ಮಳೆ. ಒಣಗುವುದೆಂದು? ನೆನೆಸಲಿಲ್ಲ. ಸಾಲದ್ದಕ್ಕೆ, ಹಳೆಯ ಜರ್ಸಿಗಳ ಮೇಲೆ ಯಾರಿಗೂ ಮತ್ತೆ ಮನಸ್ಸಾಗದಿರಲಿ ಎಂದು ಹನ್ನೊಂದನ್ನೂ ಕತ್ತರಿಸಿ ಮಿಷನ್ ಒರೆಸುವ ಬಟ್ಟೆ ಮಾಡಿದೆ.

ಭಾನುವಾರ ಮಧ್ಯಾಹ್ನ ಮೈದಾನದಲ್ಲಿ ಹೊಸ ಜರ್ಸಿಗಳನ್ನು ಹಂಚಿದೆ. ಶಿವಣ್ಣ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು, ಹೊಲಿಗೆಯ ಮೇಲೆ ಬೆರಳಾಡಿಸಿದರು, ಏನೂ ಹೇಳದೆ ಆಚೆ ತಿರುಗಿದರು. ಮೂವತ್ತು ವರ್ಷದ ಸಂಸಾರದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಸಿಕ್ಕಿರಲಿಲ್ಲ.

ಮಳೆ ಬಿಡುವು ಕೊಟ್ಟಿತ್ತು. ಹತ್ತನೇ ನಿಮಿಷಕ್ಕೆ ನಾಗರಾಜ ತಲೆಯಿಂದ ಗೋಲು ಹೊಡೆದ. ನಾನು ಪಕ್ಕದಲ್ಲಿದ್ದವರಿಗೆಲ್ಲ ಅಂಗಿಯ ಮಹಿಮೆ ವಿವರಿಸಲು ಶುರುಮಾಡಿದೆ. ವಿವರಣೆ ಮುಗಿಯುವ ಮೊದಲೇ ಮಳೆ ಬಂತು.

ಮೊದಲು ತೋಳಿನ ಕೆಂಪು ಪಕ್ಕೆಗಿಳಿಯಿತು. ಆಮೇಲೆ ನಂಬರುಗಳು ಬೆನ್ನ ಮೇಲೆ ಕರಗಿದವು. ಕಾಲು ಗಂಟೆಯಲ್ಲಿ ನಮ್ಮ ಹನ್ನೊಂದು ಜನ ಪೂರ್ತಿ ಗುಲಾಬಿಯಾದರು. ಸಾಗರದವರ ಕೆಂಪು ಅಂಗಿಗಳೂ ತೊಳೆದು ತೊಳೆದು ಗುಲಾಬಿಯಾಗಿಯೇ ಬಂದಿದ್ದವು. ಮೈದಾನದಲ್ಲಿ ಇಪ್ಪತ್ತೆರಡು ಗುಲಾಬಿ ಜನ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತ ಓಡಾಡತೊಡಗಿದರು. ನಮ್ಮ ಹಿಂದಿನ ಸಾಲಿನ ಆಟಗಾರ ಬಹಳ ವಿಶ್ವಾಸದಿಂದ ಚೆಂಡನ್ನು ಪಕ್ಕದವನಿಗೆ ಕೊಟ್ಟ. ಪಕ್ಕದವನು ಸಾಗರದವನು. ಅವನು ತಡಮಾಡದೆ ಗೋಲು ಹೊಡೆದ. ಒಂದು, ಒಂದು.

ರೆಫರಿ ಆಟ ನಿಲ್ಲಿಸಿ, ವಿರಾಮ ಮುಗಿಯುವುದರೊಳಗೆ ಅಂಗಿ ಬದಲಾಯಿಸಿ, ಇಲ್ಲವಾದರೆ ಪಂದ್ಯ ಅವರಿಗೆ ಎಂದರು. ಶಿವಣ್ಣ ನನ್ನ ಹತ್ತಿರ ಬಂದರು.

"ಹಳೇ ಜರ್ಸಿ ಎಲ್ಲಿಟ್ಟಿದೀಯ?"

"ಕತ್ತರಿಸ್ಬಿಟ್ಟೆ ಕಣ್ರೀ."

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕೊಡೆಯನ್ನೂ ಬಿಟ್ಟು ಅಂಗಡಿಗೆ ಓಡಿದೆ. ಸ್ತ್ರೀಶಕ್ತಿ ಸಂಘದವರ ಸಮವಸ್ತ್ರದ ಸೀರೆಗಳಿಗೆಂದು ತಂದಿಟ್ಟ ಹಳದಿ ಫಾಲ್‌ಗಳ ಕಟ್ಟು ಕಣ್ಣಿಗೆ ಬಿತ್ತು. ಸೀರೆಯ ಅಂಚಿಗೆ ಒಳಗಿನಿಂದ ಹೊಲಿಯುವ ಆ ಪಟ್ಟಿಗಳು ಎರಡೂವರೆ ಮೀಟರ್ ಉದ್ದ. ಕಟ್ಟನ್ನೇ ಎದೆಗವಚಿಕೊಂಡು ಬಂದೆ. ಒಬ್ಬೊಬ್ಬ ಆಟಗಾರನಿಗೂ ಭುಜದಿಂದ ಸೊಂಟಕ್ಕೆ ಅಡ್ಡಲಾಗಿ ಒಂದೊಂದು ಫಾಲ್ ಬಿಗಿದೆ. ಚುನಾವಣೆ ಗೆದ್ದವರ ಹಾಗೆ ಕಾಣುತ್ತಿದ್ದರು. ರೆಫರಿ ಬಹಳ ಹೊತ್ತು ನೋಡಿ, ಬೇರೆ ದಾರಿ ಕಾಣದೆ ಸೀಟಿ ಊದಿದರು.

ಪಂದ್ಯ ಮುಗಿಯಲು ಎರಡು ನಿಮಿಷವಿತ್ತು, ಇನ್ನೂ ಒಂದು, ಒಂದು. ನಾಗರಾಜನಿಗೆ ನಡುವಿನಲ್ಲಿ ಚೆಂಡು ಸಿಕ್ಕಿತು. ನಲವತ್ತರ ಆ ಮನುಷ್ಯ ಇಬ್ಬರನ್ನು ಹಿಂದೆ ಹಾಕಿ ಓಡಿದ. ಎದುರು ಬಂದ ಗೋಲ್‌ಕೀಪರ್ ಜಾರಿ ಬಿದ್ದ. ಮುಂದೆ ಯಾರೂ ಇರಲಿಲ್ಲ. ಮೈದಾನವೆಲ್ಲ ಎದ್ದು ನಿಂತಿತು. ನಾಗರಾಜ ಬಲಗಾಲು ಎತ್ತಿದ.

ಅವನ ಎಡಗಾಲು ಫಾಲಿನ ಮೇಲಿತ್ತು.

ಗಂಟು ಬಿಚ್ಚಿಕೊಂಡು ಪಟ್ಟಿಯ ತುದಿ ಕಾಲಡಿಗೆ ಬಂದದ್ದನ್ನು ಅವನು ನೋಡಿರಲಿಲ್ಲ. ಮುಖ ಅಡಿಯಾಗಿ ಬಿದ್ದ. ಚೆಂಡು ಒಂಟಿಯಾಗಿ ಉರುಳುತ್ತ ಹೋಗಿ, ಗೋಲಿನ ಗೆರೆಗೆ ಒಂದು ಮೊಳ ಇರುವಾಗ ಕೆಸರಿನಲ್ಲಿ ನಿಂತಿತು. ಆ ಗಂಟು ಹಾಕಿದ್ದು ನಾನು. ಕೈಗೆ ಅಭ್ಯಾಸವಾದ ಹಾಗೆ, ಬ್ಲೌಸಿನ ಬೆನ್ನಿನ ಲಾಡಿಗೆ ಹಾಕುವ, ಎಳೆದರೆ ಸುಲಭವಾಗಿ ಬಿಚ್ಚುವ ಗಂಟು ಹಾಕಿದ್ದೆ.

ಪಂದ್ಯ ಸಮವಾಯಿತು. ಸಮವಾದರೆ ಸಾಲುತ್ತಿರಲಿಲ್ಲ.

ಜನ ಚದುರಿದರು. ಕೆಸರಿನಲ್ಲೇ ಕುಳಿತಿದ್ದ ನಾಗರಾಜನ ಹತ್ತಿರ ಹೋದೆ. ಅವನೇ ತಲೆಯೆತ್ತಿ, "ನಾನೇ ನೋಡ್ಕಂಡು ಓಡ್ಬೇಕಿತ್ತು ಸುಮಿತ್ರಕ್ಕ" ಅಂದ. ತಪ್ಪು ಮಾಡಿದವಳನ್ನೇ ಅವನು ಸಮಾಧಾನ ಮಾಡುತ್ತಿದ್ದ. ಬೂಟು ಬಿಚ್ಚಿ, ಎರಡರ ಲಾಡಿಗಳನ್ನೂ ಸೇರಿಸಿ ಕಟ್ಟಿ, ಹೆಗಲಿಗೆ ಹಾಕಿಕೊಂಡು ಬರಿಗಾಲಿನಲ್ಲಿ ಹೋದ.

ಶಿವಣ್ಣ ಫಾಲ್‌ಗಳನ್ನೆಲ್ಲ ಹೆಕ್ಕಿ, ಒಂದೊಂದಾಗಿ ಹಿಂಡಿ ಮಡಿಸಿದರು. ಮನೆಯ ಮೆಟ್ಟಿಲ ಹತ್ತಿರ ನಿಂತು, "ಅಳತೆ ಎಲ್ರಿಗೂ ಸರಿಯಾಗಿತ್ತು ಮಾರಾಯ್ತಿ" ಅಂದರು. ನಾನು ಅಡುಗೆಮನೆಗೆ ಹೋಗಿ, ಬೇಕಿಲ್ಲದಿದ್ದರೂ ಈರುಳ್ಳಿ ಹೆಚ್ಚಿದೆ.

ಮುಂದಿನ ಭಾನುವಾರ ಮಧ್ಯಾಹ್ನ ಅವರು ಎಂದಿನಂತೆ ಬೂಟು ಹಾಕಿಕೊಂಡರು. ಬಾಗಿಲವರೆಗೆ ಹೋದವರು ಹಾಗೆಯೇ ನಿಂತು, ಮರಳಿ ಬಂದು ಕುರ್ಚಿಯಲ್ಲಿ ಕುಳಿತರು. ಬೂಟು ಬಿಚ್ಚಲಿಲ್ಲ. ಸಂಜೆಯವರೆಗೆ ಹಾಗೇ ಕುಳಿತಿದ್ದರು. ಅದನ್ನು ಇನ್ನೊಂದು ವಾರ ನೋಡುವ ಶಕ್ತಿ ನನಗಿರಲಿಲ್ಲ.

ಅದರ ಮುಂದಿನ ಭಾನುವಾರ ತೀರ್ಥಹಳ್ಳಿಯಲ್ಲಿ ಲೀಗಿನ ಮೊದಲೆರಡು ಸ್ಥಾನದವರ ಫೈನಲ್. ತೀರ್ಥಹಳ್ಳಿಗೂ ಸಾಗರಕ್ಕೂ. ಹೋಗೋಣ ಎಂದು ಹಟ ಹಿಡಿದು ಬಸ್ಸಿಗೆ ಹತ್ತಿಸಿದೆ. ಯಾವ ತಂಡದ ಕಡೆ ಎಂದು ಅವರು ಕೇಳಿದರು. ಸಾಗರ ಅಂದೆ. ಅವರು ಚಾಂಪಿಯನ್ ಆದರೆ, ಚಾಂಪಿಯನ್ನರ ಜೊತೆ ಸಮ ಮಾಡಿಕೊಂಡವರು ಎಂದಾದರೂ ನಾವು ಹೇಳಿಕೊಳ್ಳಬಹುದಲ್ಲ. ಒಂದೂವರೆ ಗಂಟೆ ಚಪ್ಪಾಳೆ ತಟ್ಟಿದೆ. ಸಾಗರದವರು ನಾಲ್ಕು ಗೋಲುಗಳಿಂದ ಸೋತರು.

ವಾಪಸ್ ಬಸ್ಸಿನಲ್ಲಿ ಶಿವಣ್ಣ ಇದ್ದಕ್ಕಿದ್ದಂತೆ ನಗಲು ಶುರುಮಾಡಿದರು. "ಅವರನ್ನೂ ಬಿಡ್ಲಿಲ್ಲ ನೀನು" ಅಂದರು. ಎರಡು ವಾರದಲ್ಲಿ ಅವರು ನಕ್ಕದ್ದು ಅದೇ ಮೊದಲು. ನಾನೂ ನಕ್ಕೆ. ನಗುತ್ತ ನಗುತ್ತ ಅವರ ಭುಜ ಅಲುಗುವುದು ಬೇರೆ ಥರ ಆಯಿತು. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

ಕಣ್ಣೊರೆಸಿಕೊಳ್ಳಲು ಏನಾದರೂ ಕೊಡೋಣ ಎಂದು ಚೀಲಕ್ಕೆ ಕೈ ಹಾಕಿದೆ. ತಡಕಾಡಿದಾಗ ಸಿಕ್ಕಿದ್ದು ಅಳತೆಯ ಟೇಪು. ಇಪ್ಪತ್ತೆರಡು ವರ್ಷ ಊರಿಗೆಲ್ಲ ಬಟ್ಟೆ ಹೊಲಿದವಳ ಚೀಲದಲ್ಲಿ ಒಂದು ಕರವಸ್ತ್ರ ಇರಲಿಲ್ಲ.