ಕಾರಿನ ಮೈಯಳತೆ

"ಇನ್ಮೇಲೆ ನಾನು ಈ ಬೀದೀಲಿ ಕಾಲಿಟ್ಟು ನಡೆದ್ರೆ ಕೇಳು!" ಎಂದು ಟೈಲರಮ್ಮ ಹೊಲಿಗೆ ಮೆಷಿನ್ನಿಗೆ ಸವಾಲು ಹಾಕಿದರು. ಮನೆಯಲ್ಲಿ ಕೇಳಿಸಿಕೊಳ್ಳಲು ಇದ್ದದ್ದು ಅದೊಂದೇ.

ಅವರ ಯಜಮಾನರು ಬಸ್ ಕಂಡಕ್ಟರು. ಮೂವತ್ತು ವರ್ಷ ಲೋಕವನ್ನೆಲ್ಲ ಕೂರಿಸಿ ತಾವು ನಿಂತೇ ಊರು ಸುತ್ತಿದವರು. "ಒಂದಿನ ನಮ್ಮದೇ ಕಾರಲ್ಲಿ ಕೂತು ಹೋಗ್ತೀನಿ ಕಣೇ. ನೀನು ಓಡಿಸು, ಪಕ್ಕದಲ್ಲಿ ನಾನು ಮಹಾರಾಜ!" ಅನ್ನುತ್ತಿದ್ದರು. ಆ ಹುಮ್ಮಸ್ಸಿನಲ್ಲಿ ಕಾರಿಗಿಂತ ಮೊದಲೇ ಶೆಡ್ಡು ಕಟ್ಟಿಸಿದರು. ಟೈಲರಮ್ಮನೇ ಷೋರೂಮಿಗೆ ಹೋಗಿ, ಅಲ್ಲಿನವರು ಕಣ್ಣು ಕಣ್ಣು ಬಿಡುತ್ತಿದ್ದಂತೆ, ಅಂಗಿ ಅಳೆಯುವ ಟೇಪಿನಲ್ಲಿ ಕಾರಿನ ಮೈಯಳತೆ ತೆಗೆದುಕೊಂಡು ಬಂದಿದ್ದರು!

ಆ ವರ್ಷ ಯಜಮಾನರು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಶೆಡ್ಡಿನ ಗೋಡೆಗೆ "ಆರು" ಎಂದು ಬರೆದರು. ಅಂದರೆ ಗಂಡ ಹೆಂಡತಿ ಆರು ವರ್ಷ ಗಾಳಿ ಕುಡಿದು ಬದುಕಿ, ದುಡಿದದ್ದನ್ನೆಲ್ಲ ಸುರಿದರೆ ಒಂದು ಹೊಸ ಕಾರು. ವರ್ಷಕ್ಕೊಂದು ಅಂಕಿ. ಎಷ್ಟೋ ವರ್ಷ ಕಳೆದು ಐದಾಯಿತು, ನಾಲ್ಕಾಯಿತು, ಅವರು ಕಾಲು ಮುರಿದುಕೊಂಡ ವರ್ಷ ಮತ್ತೆ ಆರಕ್ಕೆ ಹಾರಿತು! "ಮೂರು" ಬರೆದ ವರ್ಷ ಅವರೇ ಹೋಗಿಬಿಟ್ಟರು. ಈ ಸಲ ಟೈಲರಮ್ಮ ಯಜಮಾನರ ಪಿಂಚಣಿಗೆ ಹೊಲಿಗೆಯ ಕಾಸು ಕೂಡಿಸಿ ನೋಡುತ್ತಾರೆ, ಎರಡು! ಇಬ್ಬರಿದ್ದಾಗ ಆರು, ಒಬ್ಬಳೇ ಆದಾಗ ಎರಡು!

ಕೂಡಿಟ್ಟದ್ದೆಲ್ಲ ಹೋಗಿ ಕಾರು ಬಂತು.

"ರಿವರ್ಸ್ ನಾಳೆ ಹೇಳಿಕೊಡ್ತೀನಮ್ಮಾ, ಅಲ್ಲೀವರೆಗೂ ಗಾಡಿ ಮುಟ್ಟಬೇಡಿ" ಎಂದಿದ್ದರು ಡ್ರೈವಿಂಗ್ ಮೇಷ್ಟ್ರು. ಮುಂದೆ ಹೋಗಲು ಬಂದರೆ ಸಾಲದೇ? ಟೈಲರಮ್ಮ ಮಹಾರಾಣಿಯಂತೆ ಕಾರನ್ನು ಶೆಡ್ಡಿಗೆ ನುಗ್ಗಿಸಿದರು. ಬಾಗಿಲು ತೆಗೆದರು. ನಾಲ್ಕು ಬೆರಳು ತೆರೆದು ಗೋಡೆಗೆ ಟಣ್ ಎಂದಿತು. ಆ ಕಡೆಯದು ಮೂರೇ ಬೆರಳು! ಗಿರಾಕಿಗಳು ವರ್ಷವರ್ಷ ದಪ್ಪವಾಗುವುದು ಅವರಿಗೆ ಗೊತ್ತಿತ್ತು. ಕಾರೂ ದಪ್ಪವಾಗುತ್ತದೆಂದು ಯಾರಿಗೆ ಗೊತ್ತು!

ಹಾರನ್ ಒತ್ತಿದರು. ಹೊಸ ಕಾರಿನ ಜಂಭವೆಂದು ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು. ಫೋನಿನಲ್ಲಿದ್ದದ್ದು ಮೂರು ನಂಬರು. ಮೊದಲನೆಯದು ಯಜಮಾನರದು, ಅಳಿಸಲು ಕೈ ಬಂದಿರಲಿಲ್ಲ. ಎರಡನೆಯದು ಗ್ಯಾಸಿನವರದು. ಮೂರನೆಯದು ಮೇಷ್ಟ್ರದು.

ಮೇಷ್ಟ್ರು ಬರುವ ತನಕ ಎದುರಿಗೆ ಗೋಡೆ, ಗೋಡೆಯ ತುಂಬ ಯಜಮಾನರ ಅಂಕಿಗಳು, ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದ ಸೀಟು.

"ಬಂತಲ್ರೀ ಕಾರು, ಕೂತ್ಕೊಳ್ಳಿ" ಎಂದರು ಮೆಲ್ಲಗೆ.

ಮೇಷ್ಟ್ರು ಹಿಂದಿನಿಂದ ಡಿಕ್ಕಿಯ ಬಾಗಿಲು ತೆಗೆದು, ಸೀಟುಗಳ ಮೇಲೆ ತೆವಳಿ, ಧೊಪ್ಪೆಂದು ಆ ಸೀಟಿನಲ್ಲೇ ಬಿದ್ದರು.

"ಊರೋರ ಅಳತೆಯೆಲ್ಲ ತಗೋತೀರಿ, ಮನೆ ಶೆಡ್ಡಿನ ಅಳತೆ ನೋಡೋಕಾಗ್ಲಿಲ್ವೇನಮ್ಮಾ?"

"ಮೂವತ್ತು ವರ್ಷ ಕಾರಿನ ಬೆಲೆ ಅಳೆಯೋದರಲ್ಲೇ ಸುಸ್ತಾಗಿಹೋದೆ ಮೇಷ್ಟ್ರೇ!"

"ಆಯ್ತು, ರಿವರ್ಸ್ ಹಾಕಿ."

ಟೈಲರಮ್ಮ ಗೇರಿನ ಮೇಲೆ ಕೈಯಿಟ್ಟವರು ಹಾಗೇ ಕೂತರು. "ಸ್ವಲ್ಪ ಹೊತ್ತು ಹೀಗೇ ಕೂತಿರ್ತೀರಾ?"

"ಕೂತಿರ್ತೀನಿ. ಆದ್ರೆ ನಮ್ಮ ಫೀಸು ಗಂಟೆ ಲೆಕ್ಕ. ಗಂಟೆಗೆ ನಿಮ್ಮ ಎರಡು ಅಂಗಿ ಹೊಲಿಗೆಯಷ್ಟಾಗುತ್ತೆ, ನೋಡಿ."

ಟೈಲರಮ್ಮ ಗೋಡೆಯ ಅಂಕಿಗಳನ್ನೊಮ್ಮೆ ನೋಡಿದರು.

"ಅಷ್ಟೇನಾ? ಹಾಗಾದ್ರೆ ಎರಡು ಗಂಟೆ ಸುಮ್ನೆ ಕೂತಿರಿ. ರಿವರ್ಸ್ ಮೂರನೇ ಗಂಟೆಗೆ ಕಲೀತೀನಿ!"